ಮಿಷನ್ ಮನೆಯ ಹೊಸ್ತಿಲು

ಹೈದರಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಮಿಷನ್ ಊರು ಸಿಗುತ್ತದೆ. ಉತ್ತರಕ್ಕೆ ಮೆದಕ್, ಅದನ್ನು ದಾಟಿದರೆ ನಿಜಾಮಾಬಾದಿನ ಹತ್ತಿರ ಡಿಚ್‌ಪಲ್ಲಿ, ಪೂರ್ವಕ್ಕೆ ಡೋರ್ನಕಲ್, ದಕ್ಷಿಣಕ್ಕೆ ಶಂಷಾಬಾದ್, ನಾಗರಕರ್ನೂಲು, ಪಶ್ಚಿಮಕ್ಕೆ ವಿಕಾರಾಬಾದ್, ಅಲ್ಲಿಂದ ಮುಂದೆ ನಮ್ಮ ಬೀದರ್, ಯಾದಗಿರಿ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವ ತನಕ ಇವೆಲ್ಲ ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಈ ಊರುಗಳ ಬಗ್ಗೆ ಬರೆದವರು ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ಚರ್ಚಿನ ಗೋಪುರ ಎಷ್ಟು ಎತ್ತರ, ದೀಕ್ಷಾಸ್ನಾನ ಎಷ್ಟು ಜನಕ್ಕಾಯಿತು ಎಂದು ಲೆಕ್ಕ ಕೊಡುತ್ತಾರೆ. ಇನ್ನೊಬ್ಬರು ಅದೇ ಲೆಕ್ಕವನ್ನು ಹಿಡಿದು ಮತಾಂತರದ ರಾಜಕಾರಣವನ್ನು ವಿಚಾರಣೆಗೆ ಎಳೆಯುತ್ತಾರೆ. ಹೊಗಳುವವರೂ ತೆಗಳುವವರೂ ಕೂಡಿಯೇ ಬಿಟ್ಟುಬಿಟ್ಟ ಜಾಗವೊಂದಿದೆ: ಮಿಷನರಿಯ ಮನೆ. ಅಲ್ಲಿ ಬೆಳಿಗ್ಗೆ ಯಾರು ಎದ್ದು ಒಲೆ ಹೊತ್ತಿಸಿದರು, ಮಗುವಿಗೆ ಜ್ವರ ಬಂದಾಗ ಯಾರು ರಾತ್ರಿ ಕೂತರು, ಊರಿನವರು ಎಲ್ಲಿಯ ತನಕ ಒಳಗೆ ಬರಬಹುದಿತ್ತು ಎಂಬ ಪ್ರಶ್ನೆಗಳನ್ನು ಕ್ಷುಲ್ಲಕವೆಂದು ತಳ್ಳಿದ್ದೇವೆ. ಮಿಷನ್ನಿನ ನಿಜವಾದ ಸಾಧನೆ ನಡೆದದ್ದೂ ನಿಜವಾದ ಸೋಲು ಕಂಡದ್ದೂ ಆ ಮನೆಯ ದಿನಚರಿಯಲ್ಲೇ ಎಂಬುದು ನನ್ನ ವಾದ. ಉಪದೇಶಪೀಠಕ್ಕಿಂತ ಹೊಸ್ತಿಲು ಸತ್ಯವನ್ನು ಹೆಚ್ಚು ಹೇಳುತ್ತದೆ.

ಆ ದಿನಚರಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ, ಏಕೆಂದರೆ ತೆಲಂಗಾಣದಲ್ಲೂ ಬಯಲುಸೀಮೆಯಲ್ಲೂ ಆಫ್ರಿಕಾದ ಹಳ್ಳಿಗಾಡಿನಲ್ಲೂ ಅದರ ಚೌಕಟ್ಟು ಬಹುಮಟ್ಟಿಗೆ ಒಂದೇ. ನೀರನ್ನು ಕಾಯಿಸಿ ಸೋಸಿ ಇಡಬೇಕು. ಮಲೇರಿಯಾಕ್ಕೆ ಕ್ವಿನೈನ್ ಸದಾ ಕೈಗೆಟುಕುವಂತಿರಬೇಕು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಜಗುಲಿಯಲ್ಲಿ ಜನ ಕೂತಿರುತ್ತಾರೆ: ಕಣ್ಣು ಬೇನೆಯವರು, ಹುಣ್ಣಿನವರು, ಚೇಳು ಕಡಿದವರು, ಸಾಲದ ಪತ್ರ ಓದಿಸಿಕೊಳ್ಳಲು ಬಂದವರು. ವೈದ್ಯ ಓದಿರಲಿ ಬಿಡಲಿ, ಮನೆಯಾಕೆ ಮುಲಾಮು ಹಚ್ಚಬೇಕು. ಮಧ್ಯಾಹ್ನ ಹುಡುಗಿಯರಿಗೆ ಹೊಲಿಗೆ, ಅಕ್ಷರ. ಚಳಿಗಾಲ ಬಂತೆಂದರೆ ಎತ್ತಿನ ಬಂಡಿಯಲ್ಲಿ ಗುಡಾರ, ಪಾತ್ರೆ, ಔಷಧದ ಪೆಟ್ಟಿಗೆ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಾಟ. ಬಿರುಬೇಸಿಗೆಯಲ್ಲಿ ಅನುಕೂಲವಿದ್ದವರು ಮಕ್ಕಳೊಡನೆ ನೀಲಗಿರಿಗೋ ಕೊಡೈಕೆನಾಲಿಗೋ. ಈ ಪಟ್ಟಿಯಲ್ಲಿ ಉಪದೇಶಕ್ಕೆ ಸಿಕ್ಕ ಹೊತ್ತು ಎಷ್ಟು ಕಡಿಮೆ ಎಂಬುದನ್ನು ಗಮನಿಸಬೇಕು. ಮಿಷನರಿ ಏನು ನಂಬುತ್ತಾನೆ ಎಂಬುದನ್ನು ಊರು ಕೇಳಿ ತಿಳಿಯುವುದಕ್ಕಿಂತ ಮೊದಲು ನೋಡಿ ತಿಳಿಯುತ್ತಿತ್ತು. ಅವನು ಹೆಂಡತಿಯೊಡನೆ ಹೇಗೆ ಮಾತಾಡುತ್ತಾನೆ, ಜಗುಲಿಗೆ ಬಂದ ಮಾದಿಗರ ಹುಡುಗನನ್ನು ಮುಟ್ಟುತ್ತಾನೋ ಇಲ್ಲವೋ, ಅವನಿಗೆ ಯಾವ ಲೋಟದಲ್ಲಿ ನೀರು ಕೊಡುತ್ತಾನೆ, ಇವೇ ಊರಿನ ಪಾಲಿಗೆ ಧರ್ಮಶಾಸ್ತ್ರ.

ಡಿಚ್‌ಪಲ್ಲಿಯ ಉದಾಹರಣೆ ಇದಕ್ಕೆ ಗಟ್ಟಿ ಆಧಾರ. ಇಸಬೆಲ್ ಕೆರ್ ಸ್ಕಾಟ್ಲೆಂಡಿನಾಕೆ. ಆಬರ್ಡೀನ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1903ರಲ್ಲಿ ಪದವಿ ಪಡೆದವಳು. 1907ರಲ್ಲಿ ಗಂಡ ಜಾರ್ಜ್ ಕೆರ್ ಜೊತೆ ವೆಸ್ಲಿಯನ್ ಮಿಷನ್ನಿನ ಕೆಲಸಕ್ಕೆ ನಿಜಾಮರ ಸೀಮೆಗೆ ಬಂದಳು. ಕುಷ್ಠರೋಗಿಗಳಿಗೆಂದು ಅವರು ಬೇರೆ ಯೋಜನೆ ಹಾಕಿಕೊಂಡು ಬಂದವರಲ್ಲ. ಔಷಧಿಗೆಂದು ಬರುವವರ ನಡುವೆ, ಊರಿನಿಂದ ಹೊರದೂಡಿಸಿಕೊಂಡ ಕುಷ್ಠರೋಗಿಗಳೂ ಬರತೊಡಗಿದರು. ಅವರನ್ನು ವಾಪಸು ಕಳಿಸಿದರೆ ಹೋಗಲು ಅವರಿಗೆ ಮನೆಯೇ ಇರಲಿಲ್ಲ. 1915ರಲ್ಲಿ ಡಿಚ್‌ಪಲ್ಲಿಯಲ್ಲಿ ಕುಷ್ಠರೋಗದ ಆಸ್ಪತ್ರೆ ಎದ್ದಿತು; ಅದಕ್ಕೆ ದೊಡ್ಡ ನೆರವು ಕೊಟ್ಟವರು ನಿಜಾಮಾಬಾದಿನ ಹಿಂದೂ ಶ್ರೀಮಂತ ರಾಜಾ ನರಸಾ ಗೌಡ್. ಕೆಲವು ವರ್ಷಗಳಲ್ಲಿ ಅರ್ನೆಸ್ಟ್ ಮ್ಯೂರ್ ರೂಪಿಸಿದ, ಚಾಲ್‌ಮೂಗ್ರಾ ಜಾತಿಯ ಎಣ್ಣೆಯಿಂದ ಮಾಡಿದ ಚುಚ್ಚುಮದ್ದನ್ನು ಇಸಬೆಲ್ ಇಲ್ಲಿ ಬಳಕೆಗೆ ತಂದಳು. ಆ ಮದ್ದಿನ ಶಕ್ತಿಗೆ ಮಿತಿಯಿತ್ತು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದ ಮೇಲೆಯೇ ರೋಗ ನಿಜವಾಗಿ ಹತೋಟಿಗೆ ಬಂದದ್ದು. ಆದರೆ ಹಲವು ತಿಂಗಳು ಬಿಡದೆ, ರೋಗಿಯ ಮೈ ಮುಟ್ಟಿ, ನೋವಿನ ಸೂಜಿ ಚುಚ್ಚಿ, ಹೆಸರಿಟ್ಟು ಕರೆದು ಮಾತಾಡಿಸುವ ಶಿಸ್ತನ್ನು ಔಷಧಿಯ ಯಶಸ್ಸಿನಿಂದ ಮಾತ್ರ ಅಳೆಯಲಾಗದು. 1932ರಲ್ಲಿ ಇಸಬೆಲ್ ತೀರಿಕೊಂಡಾಗ ಕಾಲು ಶತಮಾನ ಈ ನಾಡಿನಲ್ಲಿ ಕಳೆದಿದ್ದಳು. ಅಷ್ಟು ದೀರ್ಘ ಕಾಲ ನಡೆದದ್ದನ್ನು ಪ್ರಚಾರವೆನ್ನಲಾಗದು, ಅದು ಬದುಕು.

ಆ ಬದುಕಿನ ಬೆಲೆಯನ್ನು ಕೊಟ್ಟವರು ಯಾರು ಎಂದು ಕೇಳಿದರೆ ಉತ್ತರ ಹೆಂಗಸರತ್ತ, ಮಕ್ಕಳತ್ತ ತಿರುಗುತ್ತದೆ. ಈ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರದ ಸಾಕ್ಷಿ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯಲ್ಲಿ ಮಿಷನರಿ ಮದುವೆಯಾಗಲು ಬಾಸೆಲಿನ ಕಮಿಟಿಯ ಅನುಮತಿ ಬೇಕಿತ್ತು. ಎಷ್ಟೋ ವಧುಗಳು ಮುಖ ನೋಡದ ಗಂಡನನ್ನು ನೆಚ್ಚಿ ಹಡಗು ಹತ್ತಿದರು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. ಅಂಥ ಮಕ್ಕಳಿಗೆಂದೇ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆ ತೆರೆಯಿತು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಮತ್ತು ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಜೂಲಿಯವರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯಿಂದ ದೂರವಾಗಿ ಯುರೋಪಿನಲ್ಲಿ ಬೆಳೆದಳು; ಮುಂದೆ ಆಕೆಯ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟ್ಟೆಲ್ ಅವರ ಮೊದಲ ಹೆಂಡತಿ ಪಾಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಆಫ್ರಿಕಾದಲ್ಲೂ ಇದೇ ಕಥೆ: ಡೇವಿಡ್ ಲಿವಿಂಗ್‌ಸ್ಟನ್ ಖಂಡವನ್ನು ದಾಟಲು ಹೊರಟಾಗ ಹೆಂಡತಿ ಮೇರಿ 1852ರಲ್ಲಿ ಮಕ್ಕಳೊಡನೆ ಬ್ರಿಟನ್ನಿಗೆ ಹೋಗಿ ಪಾಡುಪಟ್ಟಳು, ಮತ್ತೆ ಗಂಡನ ಬಳಿ ಬಂದು 1862ರಲ್ಲಿ ಜಾಂಬೆಜಿ ನದಿಯ ದಂಡೆಯಲ್ಲಿ ಜ್ವರಕ್ಕೆ ಬಲಿಯಾದಳು. ಲಿವಿಂಗ್‌ಸ್ಟನ್ ಹೆಸರು ಶಾಲೆಯ ಪುಸ್ತಕದಲ್ಲಿದೆ, ಮೇರಿಯ ಹೆಸರಿಲ್ಲ. ಕಿಟ್ಟೆಲರ ಪ್ರತಿಮೆಗೆ ಹಾರ ಹಾಕುವ ನಾವೂ ಪಾಲಿನ್‌ಳನ್ನು ನೆನೆಯುವುದಿಲ್ಲ. ಹಲವು ಸಂಸ್ಥೆಗಳ ಸಂಬಳದ ಪಟ್ಟಿಯಲ್ಲಿ ಹೆಂಡತಿಯ ಹೆಸರೇ ಇರುತ್ತಿರಲಿಲ್ಲ. ಅವಳ ಶಾಲೆ, ಅವಳ ಔಷಧದ ಕಪಾಟು ಗಂಡನ ಕೆಲಸದ ಭಾಗವೆಂದು ಲೆಕ್ಕ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಈ ಮನೆಗಳನ್ನು ತ್ಯಾಗದ ಮನೆಗಳೆಂದು ಹೇಳುವುದು ಅರ್ಧ ಸತ್ಯ. ಅವು ಎತ್ತರದ ಚಾವಣಿಯ ಬಂಗಲೆಗಳು, ಸುತ್ತ ಗೋಡೆ, ಒಳಗೆ ಬಟ್ಲರ್, ಆಯಾ, ಧೋಬಿ, ತೋಟಗಾರ. ಮಿಷನರಿಯ ಕಷ್ಟ ದೊಡ್ಡದೆಂದರೆ, ಅವನ ನೀರು ಹೊತ್ತವನ ಕಷ್ಟ ಏನು? ಈ ಮಾತು ನಿಜ, ಅದನ್ನು ತೇಲಿಸಿ ಹೋಗಬಾರದು. ಮಿಷನ್ ಕಾಂಪೌಂಡಿನ ಗೋಡೆ ರೋಗಕ್ಕೆ, ಕಳ್ಳರಿಗೆ ಎಷ್ಟು ತಡೆಯೋ ಊರಿಗೂ ಅಷ್ಟೇ ತಡೆ. ಈ ದೋಷವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಹೊರಗಿನ ಟೀಕಾಕಾರರಲ್ಲ, ಹೈದರಾಬಾದ್ ಸೀಮೆಯದೇ ಒಬ್ಬ ಮಿಷನರಿ. ವಿ. ಎಸ್. ಅಜರಯ್ಯ ತಿರುನೆಲ್ವೇಲಿಯ ತಮಿಳರು. 1903ರಲ್ಲಿ ಅಲ್ಲಿನ ಕ್ರೈಸ್ತರೇ ಹಣ ಕೂಡಿಸಿ ಕಟ್ಟಿದ ಇಂಡಿಯನ್ ಮಿಷನರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾಗಿ, 1909ರಲ್ಲಿ ಡೋರ್ನಕಲ್ಲಿಗೆ ಬಂದು ಮೊದಲು ಗುಡಾರದಲ್ಲಿ ವಾಸಿಸಿದರು; ಅವರಿಗೆ ತೆಲುಗು ಕಲಿತು ಆಡಬೇಕಾದ ಭಾಷೆ. 1910ರಲ್ಲಿ ಎಡಿನ್‌ಬರೋದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಅವರು ಎದ್ದು ನಿಂತು, ವಿದೇಶಿ ಮಿಷನರಿಗಳು ಎಲ್ಲವನ್ನೂ ಕೊಟ್ಟಿದ್ದಾರೆ, ಸ್ನೇಹವನ್ನು ಮಾತ್ರ ಕೊಟ್ಟಿಲ್ಲ ಎಂಬ ಅರ್ಥದ ಮಾತಾಡಿದರು. ಸಭೆಯಲ್ಲಿ ಹಲವರಿಗೆ ಅದು ಕಹಿಯಾಯಿತು. ನನಗೆ ಮುಖ್ಯವಾಗಿ ಕಾಣುವುದು ಅವರು ಹಿಡಿದ ಅಳತೆಗೋಲು. ಮಿಷನ್ನಿನ ದೇವತಾಶಾಸ್ತ್ರವನ್ನು ಅವರು ಪ್ರಶ್ನಿಸಲಿಲ್ಲ, ಅದರ ಖರ್ಚುವೆಚ್ಚವನ್ನೂ ಅಲ್ಲ. ಜೊತೆಗೆ ಕೆಲಸ ಮಾಡುವ ಭಾರತೀಯನನ್ನು ಮನೆಗೆ ಕರೆಯುತ್ತೀರೋ, ಸಮನೆಂದು ಊಟಕ್ಕೆ ಕೂರಿಸುತ್ತೀರೋ ಎಂಬುದನ್ನು ಕೇಳಿದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ಮೇಲೂ ಅವರೂ ಹೆಂಡತಿ ಅನ್ಬು ಅವರೂ ಡೋರ್ನಕಲ್ಲಿನ ಹಳ್ಳಿಗಳ ನಡುವೆಯೇ ಬದುಕು ಕಟ್ಟಿದರು. ಬಂಗಲೆಯ ಗೋಡೆಯ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದನ್ನು ಬಲಪಡಿಸುತ್ತದೆ. ಮನೆ ಅಷ್ಟು ಮುಖ್ಯವಾದ್ದರಿಂದಲೇ ಅದರ ಮುಚ್ಚಿದ ಬಾಗಿಲು ಅಷ್ಟು ನೋಯಿಸಿತು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣ: ಜಗುಲಿಯ ಔಷಧಿ, ಅಕ್ಷರ, ಬರಗಾಲದ ಅನ್ನ, ಇವೆಲ್ಲ ಮತಾಂತರದ ಗಾಳದ ಎರೆ, ಉದ್ದೇಶ ಬೇರೆಯಿದ್ದಾಗ ದಿನಚರಿಯನ್ನು ಮೆಚ್ಚುವುದು ಮೋಸ ಹೋಗುವುದು. ಮಿಷನರಿಗಳು ಮತಾಂತರ ಬಯಸಿದ್ದರು, ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಮೆದಕ್‌ನಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಬರದ ದಿನಗಳಲ್ಲಿ ಜನರಿಗೆ ಕೂಲಿಯೂ ಅನ್ನವೂ ಸಿಗಲೆಂದು ಕಟ್ಟಡದ ಕೆಲಸ ಹೂಡಿದರು. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಯಾದ ಆ ಭಾರಿ ಚರ್ಚು ಆ ಕೂಲಿಯ ಫಲ. ಹಸಿವು ಮತ್ತು ಭಕ್ತಿ ಅಲ್ಲಿ ಹೆಣೆದುಕೊಂಡಿದ್ದವೆಂಬುದನ್ನು ಅಲ್ಲಗಳೆಯಲಾಗದು. ಆದರೂ ಗಾಳದ ಉಪಮೆ ಒಂದು ದೊಡ್ಡ ಅನ್ಯಾಯ ಮಾಡುತ್ತದೆ: ಎದುರಿಗಿದ್ದ ಮನುಷ್ಯನನ್ನು ಅದು ಮೀನಾಗಿಸುತ್ತದೆ. ತೆಲಂಗಾಣದ ಮಾಲ, ಮಾದಿಗ ಕೇರಿಗಳು ಒಟ್ಟೊಟ್ಟಾಗಿ ಕ್ರೈಸ್ತರಾದದ್ದು ಬಹುತೇಕ ತಮ್ಮ ಹಿರಿಯರ ಮಾತಿನಿಂದ, ನೆಂಟರ ಮೂಲಕ, ಪಕ್ಕದ ಹಳ್ಳಿಯಲ್ಲಿ ಆದದ್ದನ್ನು ಕಂಡು. ಎಷ್ಟೋ ಕಡೆ ಮಿಷನರಿ ತಲುಪುವ ಮೊದಲೇ ಕೇರಿ ತೀರ್ಮಾನಿಸಿರುತ್ತಿತ್ತು. ಅವರು ಲೆಕ್ಕ ಹಾಕಬಲ್ಲವರು, ತೂಗಿ ನೋಡಬಲ್ಲವರು. ಊರಿನ ಬಾವಿಯ ಬಳಿ ನಿಲ್ಲಗೊಡದ ಬದುಕಿನಲ್ಲಿ, ತಮ್ಮ ಮಗುವಿನ ಹುಣ್ಣನ್ನು ಬರಿಗೈಯಲ್ಲಿ ತೊಳೆದ ಮನೆಯೊಂದನ್ನು ಅವರು ಕಂಡು ಅದಕ್ಕೊಂದು ಅರ್ಥ ಕೊಟ್ಟರು. ಆ ಅರ್ಥ ಅವರದು. ಅದನ್ನು ಆಮಿಷವೆಂದು ತಳ್ಳುವ ಮೊದಲು, ಅಂಥ ಮುಟ್ಟುವಿಕೆ ಅಷ್ಟು ಅಪರೂಪವಾಗುವಂತೆ ಮಾಡಿದ್ದು ಯಾರ ಸಮಾಜ ಎಂದು ನಾವು ಕೇಳಿಕೊಳ್ಳಬೇಕು.

ಮನೆ ಊರಿಗೆ ಕಲಿಸಿದ್ದಷ್ಟೇ ಅಲ್ಲ, ಊರು ಮನೆಗೂ ಕಲಿಸಿತು. ಇಂದು ವಿಮಾನ ನಿಲ್ದಾಣದ ಹೆಸರಾಗಿರುವ ಶಂಷಾಬಾದ್ ಒಂದು ಕಾಲಕ್ಕೆ ಮೆನ್ನೊನೈಟ್ ಬ್ರದರನ್ ಮಿಷನ್ನಿನ ಕೇಂದ್ರ. 1907ರಲ್ಲಿ ಬಂದ ಡಾಕ್ಟರ್ ಕ್ಯಾಥರೀನಾ ಶೆಲ್ಲೆನ್‌ಬರ್ಗ್ 1945ರಲ್ಲಿ ತೀರಿಕೊಳ್ಳುವ ತನಕ ಈ ಭಾಗದಲ್ಲೇ ರೋಗಿಗಳನ್ನು ನೋಡಿದವಳು. ಅದೇ ಶಂಷಾಬಾದಿನಲ್ಲಿ 1932ರಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದ ಪಾಲ್ ಹೀಬರ್ಟ್ ಮುಂದೆ ಮಾನವಶಾಸ್ತ್ರಜ್ಞರಾದರು. ತೆಲಂಗಾಣದ ಕೊಂಡೂರು ಎಂಬ ಹಳ್ಳಿಯ ರಚನೆಯ ಮೇಲೆ ಅವರ ಪುಸ್ತಕ 1971ರಲ್ಲಿ ಬಂತು. 1982ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಅವರು ತಮ್ಮವರ ಕುರುಡನ್ನೇ ತೋರಿಸಿದರು. ಪಾಶ್ಚಾತ್ಯ ಮಿಷನರಿಗೆ ಮೇಲೆ ದೇವರು ಗೊತ್ತು, ಕೆಳಗೆ ವಿಜ್ಞಾನ ಗೊತ್ತು. ನಡುವಿನ ಲೋಕ, ಅಂದರೆ ಮಗುವಿಗೆ ತಗುಲಿದ ಸೋಂಕು, ದೃಷ್ಟಿ, ಗ್ರಾಮದೇವತೆಯ ಮುನಿಸು, ಬಾರದ ಮಳೆಯ ಭಯ, ಇವುಗಳ ಬಗ್ಗೆ ಅವನ ಬಳಿ ಮಾತೇ ಇಲ್ಲ ಎಂಬುದು ಅವರ ತಿಳಿವು. ಇದು ಗ್ರಂಥಾಲಯದಲ್ಲಿ ಮಾತ್ರ ಹುಟ್ಟುವ ತಿಳಿವಲ್ಲ. ತೆಲುಗು ಮಾತಿನ ನಡುವೆ ಕಣ್ಣು ಬಿಟ್ಟು, ಮನೆಯ ಪ್ರಾರ್ಥನೆಯನ್ನೂ ಹಿತ್ತಲಾಚೆಯ ಜಾತ್ರೆಯ ಡೋಲನ್ನೂ ಒಟ್ಟಿಗೆ ಕೇಳುವ ನೆಲದಲ್ಲಿ ಬೇರೂರಿದವರಿಗೆ ದಕ್ಕುವಂಥದ್ದು. ಮಕ್ಕಳನ್ನು ದೂರ ಕಳಿಸಿದ ವ್ಯವಸ್ಥೆ ಎಂಥ ಅರಿವನ್ನೂ ಜೊತೆಗೇ ಕಳಿಸಿಬಿಟ್ಟಿತು ಎಂಬುದನ್ನು ಇದರಿಂದ ಊಹಿಸಬಹುದು. 1901ರಲ್ಲಿ ಕೊಡೈಕೆನಾಲಿನಲ್ಲಿ ಮಿಷನರಿ ಮಕ್ಕಳಿಗಾಗಿ ಶಾಲೆ ತೆರೆದಾಗ ಸಮುದ್ರದಷ್ಟು ದೂರ ಬೆಟ್ಟದಷ್ಟಕ್ಕೆ ಇಳಿಯಿತು. ವರ್ಷಕ್ಕೊಮ್ಮೆಯಾದರೂ ತಾಯಿಯ ಮಡಿಲು ಸಿಕ್ಕಿತು. ಅಗಲಿಕೆ ಮಾತ್ರ ನಿಲ್ಲಲಿಲ್ಲ.

ಕೊನೆಯ ಆಕ್ಷೇಪ ಸಾಕ್ಷ್ಯದ್ದು. ಈ ಮನೆಗಳ ಬಗ್ಗೆ ನಮಗಿರುವ ಪತ್ರ, ವರದಿ, ಫೋಟೋಗಳೆಲ್ಲ ಮಿಷನರಿಗಳವೇ. ಹಣ ಕೊಡುವ ದೂರದ ಸಭೆಗಳಿಗಾಗಿ ಬರೆದವು. ಅವುಗಳನ್ನು ನಂಬಿ ದಿನಚರಿ ಕಟ್ಟಿದರೆ ಅವರದೇ ಮಾತು ಮತ್ತೆ ಹೇಳಿದಂತಾಗದೆ? ಆಗುತ್ತದೆ, ನಾವು ಅಲ್ಲಿಗೇ ನಿಂತರೆ. ಆಯಾ ಪತ್ರ ಬರೆಯಲಿಲ್ಲ. ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸಿನ ಹೆಸರು ವರದಿಯಲ್ಲಿ ಬಂದರೆ ಒಂದು ಸಾಲಿನಲ್ಲಿ. ಡಿಚ್‌ಪಲ್ಲಿಯಲ್ಲಿ ಗುಣವಾಗಿಯೂ ಊರಿಗೆ ಮರಳಲಾಗದೆ ಉಳಿದ ರೋಗಿ ತನ್ನ ಕಥೆಯನ್ನು ಮಕ್ಕಳಿಗೆ ಹೇಳಿದ್ದಾನು, ಕಾಗದಕ್ಕೆ ಇಳಿಸಲಿಲ್ಲ. ಆದರೆ ಪತ್ರದಲ್ಲಿ ಬರೆದವಳ ಹೆಮ್ಮೆಯ ನಡುವೆಯೂ ಅಡುಗೆಯವನ ಕೋಪ, ಶಾಲೆಗೆ ಬಾರದ ಹುಡುಗಿ, ಔಷಧಿ ಬೇಡವೆಂದು ಎದ್ದುಹೋದ ಮುದುಕಿ ಇಣುಕುತ್ತಾರೆ. ಬಿಷಪ್ಪರ ಅಧಿಕೃತ ಇತಿಹಾಸದಲ್ಲಿ ಅವರಿಗೆ ಆ ಸಂದೂ ಇಲ್ಲ. ಮಿಕ್ಕದ್ದು ಇಂದಿಗೂ ಮಾತಿನಲ್ಲಿದೆ: ಮೆದಕ್, ಬೀದರ್, ಯಾದಗಿರಿ, ರಾಯಚೂರಿನ ಕ್ರೈಸ್ತ ಕುಟುಂಬಗಳ ಅಜ್ಜಿಯರ ನೆನಪಿನಲ್ಲಿ, ತೆಲುಗಿನಲ್ಲೂ ಕನ್ನಡದಲ್ಲೂ.

ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳು, ಸಭೆಗಳು, ಸ್ಥಳೀಯ ಇತಿಹಾಸ ಬರೆಯುವವರು ಗೋಪುರದ ಎತ್ತರವನ್ನು ಮತ್ತೊಮ್ಮೆ ಅಳೆಯುವುದನ್ನು ಬಿಟ್ಟು ಈ ನೆನಪುಗಳನ್ನು ಧ್ವನಿಮುದ್ರಿಸಬೇಕು. ಮಿಷನ್ ಮನೆಯ ಪತ್ರಗಳ ಪಕ್ಕದಲ್ಲಿಟ್ಟು ಓದಬೇಕು. ಆಗ ಹೊಗಳಿಕೆಯೂ ಆರೋಪವೂ ಎರಡೂ ಸಣ್ಣವಾಗಿ ಕಾಣುತ್ತವೆ. ಪಾಲಿನ್, ಮೇರಿ, ಇಸಬೆಲ್, ಅನ್ಬು ಇವರ ಹೆಸರುಗಳು ಗಂಡಂದಿರ ಹೆಸರಿನ ಜೊತೆಗೆ ನಿಲ್ಲುತ್ತವೆ; ಅವರ ಮನೆಗಳನ್ನು ನಡೆಸಿದ ಆಯಾ, ಅಡುಗೆಯವ, ಬಂಡಿಯವನೂ ಚರಿತ್ರೆಯ ಒಳಗೆ ಬರುತ್ತಾರೆ. ಧರ್ಮ ಯಾವುದೇ ಇರಲಿ, ಪರನಾಡಿಗೆ ಹೋಗಿ ನೆಲೆಸಿದವರನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಪ್ರಶ್ನೆ ನನಗೆ ತೋಚದು: ಅವರ ಜಗುಲಿಗೆ ಯಾರು ಬಂದರು, ಒಳಗೆ ಯಾರನ್ನು ಕರೆದರು, ಯಾರ ಜೊತೆ ಕೂತು ಉಂಡರು. ಈ ಪ್ರಶ್ನೆಗೆ ಮಿಷನರಿಗಳು ಉತ್ತರ ಕೊಡಬೇಕು. ಅದೇ ಪ್ರಶ್ನೆಯನ್ನು ನಮ್ಮ ಮನೆಗಳ ಹೊಸ್ತಿಲ ಮುಂದೆಯೂ ಇಟ್ಟುಕೊಳ್ಳುವ ಧೈರ್ಯ ನಮಗಿದ್ದರೆ ಮಾತ್ರ ಅವರನ್ನು ಕೇಳುವ ಹಕ್ಕು ನಮಗೆ ಬರುತ್ತದೆ.