ಹೆಪ್ಪುಗಟ್ಟಿದ ನೀರು

ಕಾವೇರಿಯ ಸಮೀಪದ ಸೋಮನಾಥಪುರದವರಾದ ನಮಗೆ ನೀರಿನ ಭಯವೆಂದರೆ ಪ್ರವಾಹದ ಭಯವೊಂದೇ. ತುಷಾರ, ತುಹಿನ, ಪ್ರಾಲೇಯವೆಂದು ಅಮರಕೋಶವು ಹೇಳುವ ಹಿಮದ ಹೆಸರುಗಳನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದೆನು. ಆದರೆ ಆ ವಸ್ತುವನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಅಮೆರಿಕದ ಮಿನೆಸೋಟಾ ಪ್ರಾಂತದಲ್ಲಿರುವ ಮಗಳ ಮನೆಗೆ ಹೋದಾಗ.

ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಮನೆಯ ಮುಂದೆ ನಿಂತಿದ್ದ ಅವಳ ಕಾರಿನಲ್ಲಿ, ಮುಂಗಾಜು ತೊಳೆಯುವ ನೀರಿನ ಡಬ್ಬಿಯು ಬರಿದಾಗಿತ್ತು. ಅಂಗಡಿಯಿಂದ ನೀಲಿಬಣ್ಣದ ದ್ರವವನ್ನು ತರಬೇಕೆಂದು ಮಗಳು ಹೇಳಿದ್ದಳು. ನೀರಿಗೂ ಹಣವೇ ಎಂದುಕೊಂಡು ನಾನು ನಲ್ಲಿಯ ನೀರನ್ನೇ ತುಂಬಿ, ಯಾರಿಗೂ ಹೇಳದೆ ಸುಮ್ಮನಾದೆನು. ಆ ರಾತ್ರಿ ಶೀತವು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿಳಿಯಿತು.

ಬೆಳಿಗ್ಗೆ ಮಗಳು ಮೊಮ್ಮಗನನ್ನು ಕುಳ್ಳಿರಿಸಿಕೊಂಡು ಶಾಲೆಗೆ ಹೊರಟಳು. ಮುಂದಿನ ಲಾರಿಯು ಚಿಮ್ಮಿಸಿದ ಉಪ್ಪುಮಿಶ್ರಿತ ಕೆಸರು ಗಾಜನ್ನೆಲ್ಲಾ ಮುಚ್ಚಿತು. ಗುಂಡಿಯನ್ನೊತ್ತಿದರೆ ಒಂದು ಹನಿಯೂ ಬರಲಿಲ್ಲ. ದಾರಿ ಕಾಣದೆ, ಪಕ್ಕದ ಕಿಟಕಿಯಿಂದ ತಲೆ ಹೊರಚಾಚಿ ನೋಡುತ್ತಾ, ಹೇಗೋ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದಳಂತೆ. ಸಂಜೆ ನೋಡಿದರೆ ಡಬ್ಬಿಯು ಬೆಸುಗೆಯುದ್ದಕ್ಕೂ ಸೀಳಿತ್ತು. ಅಜಾಗರೂಕತೆಯೆಂದು ಅಳಿಯನು ಅವಳನ್ನೇ ಆಕ್ಷೇಪಿಸಿದನು. ಊಟದವರೆಗೂ ನಾನು ಮೌನವಾಗಿದ್ದೆನು; ಅನ್ನವು ಗಂಟಲಿನಲ್ಲಿ ಇಳಿಯದಾದಾಗ ತಪ್ಪೊಪ್ಪಿಕೊಂಡೆನು. ಮಗಳು ಕೋಪಿಸಿಕೊಳ್ಳಲಿಲ್ಲ. "ಅಪ್ಪಾ, ಮೊದಲೇ ಒಂದು ಮಾತು ಹೇಳಬಾರದಾಗಿತ್ತೇ?" ಎಂದಳು, ಅಷ್ಟೆ.

ಆಮೇಲೆ ವಿಷಯವನ್ನು ವಿಚಾರಿಸಿ ತಿಳಿದೆನು. ಇತರ ವಸ್ತುಗಳು ಸಾಮಾನ್ಯವಾಗಿ ತಣಿದಷ್ಟೂ ಕುಗ್ಗುವುವು. ನೀರಾದರೋ 4 ಡಿಗ್ರಿಯವರೆಗೆ ಕುಗ್ಗಿ, ಅನಂತರ ಹಿಗ್ಗುವುದು. ಮಂಜುಗಡ್ಡೆಯಾದಾಗ 100 ಪಾಲು ನೀರು ಸುಮಾರು 109 ಪಾಲು ಸ್ಥಳವನ್ನು ಬೇಡುವುದು. ಪಾತ್ರೆಯಲ್ಲಿ ಎಡೆಯಿಲ್ಲದಿದ್ದರೆ ಅದನ್ನೇ ಒಡೆಯುವುದು. ನಿಂತ ಗಾಡಿಗೆ ಮೇಲೆ ಬಿದ್ದ ಹಿಮಕ್ಕಿಂತ ಒಳಗಿರುವ ಬರಿನೀರೇ ಹೆಚ್ಚಿನ ವೈರಿ. ನಮ್ಮ ಸೀಮೆಯಲ್ಲಿ ರೇಡಿಯೇಟರಿಗೆ ಬಾವಿಯ ನೀರು ಸುರಿದರೂ ಅದು ಹೆಪ್ಪುಗಟ್ಟುವ ಭಯವಿಲ್ಲ. ಅಲ್ಲಿ ಹಾಗೆ ಮಾಡಿದರೆ ಎಂಜಿನ್ನೇ ಬಿರಿಯಬಹುದು. ಗ್ಲೈಕಾಲ್ ಎಂಬ ದ್ರವವನ್ನು ನೀರಿನೊಡನೆ ಸಮಪಾಲು ಬೆರೆಸಿದರೆ, ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಅದು ಹೆಪ್ಪುಗಟ್ಟದು. ಗಾಜಿನ ಮೇಲಿನ ಹಿಮಕ್ಕೆ ಬಿಸಿನೀರನ್ನು ಸುರಿಯಲಾಗದು, ಗಾಜು ಸೀಳೀತು. ಅಂಟಿಕೊಂಡ ಒರಸುಕಡ್ಡಿಯನ್ನು ಬಲವಾಗಿ ಎಳೆಯಲೂ ಆಗದು.

ಈಗ ಊರಿನಲ್ಲಿ ಹೊಯ್ಸಳರ ಕಾಲದ ಕೇಶವಾಲಯದ ಅಂಗಳದಲ್ಲಿ ಕುಳಿತಾಗ ಕಲ್ಲಿನ ಸಂದುಗಳನ್ನು ನೋಡುತ್ತೇನೆ. ಅಲ್ಲಿಳಿದ ಮಳೆನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳುವಂಥ ಚಳಿ ನಮಗಿಲ್ಲದಿರುವುದು ನಮ್ಮ ಪುಣ್ಯ. ಆದರೆ ನಮ್ಮ ಮಕ್ಕಳು ಅಂತಹ ಚಳಿಯ ದೇಶಗಳಲ್ಲಿ ಬಾಳುತ್ತಿರುವರು. ಅವರ ಮನೆಗೆ ಹೋಗುವ ಹಿರಿಯರು ಊರಿನ ರೂಢಿಯನ್ನು ಕೈಬಿಟ್ಟು, ಕೈಹಾಕುವ ಮುನ್ನ ಅವರನ್ನು ಒಂದು ಮಾತು ಕೇಳಬೇಕೆಂಬುದೇ ನನ್ನ ವಿಜ್ಞಾಪನೆ.