ಏಂದೋರಿಗೆ ದಾರಿ ಹೇಳಿದವರು

ಬೆಳಕು ಬೇಡ ಎಂದಿದ್ದಾನೆ ಅರಸ. ಹಾಗಾಗಿ ಕತ್ತಲಲ್ಲೇ ನಡೆಯುತ್ತಿದ್ದೀರಿ. ಮುಂದೆ ಅವನ ಬೆನ್ನು, ಪಕ್ಕದಲ್ಲಿ ಜೊತೆಗಾರನ ಏದುಸಿರು, ಕಾಲಡಿಯಲ್ಲಿ ಜಾರುವ ಕಲ್ಲು. ಗಿಲ್ಬೋವ ಬೆಟ್ಟದ ಇಳಿಜಾರು ಮುಗಿದು ಬಯಲು ಸಿಕ್ಕಿದ ಕೂಡಲೇ ಗಾಳಿಯೊಟ್ಟಿಗೆ ಹೊಗೆ ಮೂಗಿಗೆ ಬಡಿಯುತ್ತದೆ. ಶೂನೇಮಿನಲ್ಲಿ ಬೀಡುಬಿಟ್ಟ ಫಿಲಿಷ್ಟಿಯರು ರಾತ್ರಿಯ ಅಡುಗೆಗೆ ಹಾಕಿದ ಬೆಂಕಿ ಅದು. ಎಷ್ಟು ಕಡೆ ಉರಿಯುತ್ತಿದೆ ಎಂದು ಎಣಿಸಲು ಹೊರಟು ನಡುವೆಯೇ ಬಿಟ್ಟುಬಿಡುತ್ತೀರಿ.

ನೀವು ಸೌಲನ ಸೇವಕರು. ಆ ರಾತ್ರಿ ಅವನ ಜೊತೆ ಇಬ್ಬರಿದ್ದರು ಎನ್ನುತ್ತದೆ ಸಮುವೇಲನ ಮೊದಲನೆಯ ಪುಸ್ತಕದ 28ನೆಯ ಅಧ್ಯಾಯ, ಹೆಸರು ಹೇಳುವುದಿಲ್ಲ. ಸುಮಾರು 3,000 ವರ್ಷಗಳ ಹಿಂದಿನ ಮಾತು. ದೂರದ ಅಂದಾಜು ಬೇಕಿದ್ದರೆ, ಉಡುಪಿಯಿಂದ ಕಾಪುವಿಗೆ ಎಷ್ಟೋ ಗಿಲ್ಬೋವದಿಂದ ಏಂದೋರಿಗೆ ಹೆಚ್ಚುಕಡಿಮೆ ಅಷ್ಟು. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರು ಎರಡು ಸಿನಿಮಾ ಹಾಡು ಮುಗಿಯುವುದರೊಳಗೆ ಅರ್ಧ ದಾರಿ ದಾಟಿಸುತ್ತಾರೆ. ನಿಮಗೆ ಮಾತ್ರ ನಡುವೆ ಶತ್ರುವಿನ ಪಾಳೆಯವಿದೆ. ಅದಕ್ಕೆ ಸುತ್ತು ಹಾಕಿ, ಕಾವಲಿನವನ ಕೆಮ್ಮು ಕೇಳಿದಲ್ಲಿ ಉಸಿರು ಹಿಡಿದು, ಮತ್ತೆ ನಡೆಯಬೇಕು.

ಅರಸನ ಮೈಮೇಲೆ ಯಾರದೋ ಬೆವರು ಕುಡಿದ ಒರಟು ಬಟ್ಟೆ. ವೇಷವಂತೆ. ಇಡೀ ಇಸ್ರಾಯೇಲಿನಲ್ಲಿ ಬೇರೆ ಯಾರ ತಲೆಯೂ ಅವನ ಹೆಗಲು ದಾಟುವುದಿಲ್ಲ; ಬಟ್ಟೆ ಬದಲಿಸಿದರೆ ಎತ್ತರ ಎಲ್ಲಿ ಅಡಗೀತು? ಬೆಳಗಿನಿಂದ ಅವನ ಬಾಯಿಗೆ ಒಂದು ತುತ್ತೂ ಹೋಗಿಲ್ಲ. ನಡಿಗೆಯಲ್ಲಿ ಆಗಾಗ ತೂಗುತ್ತಾನೆ. ಹಿಡಿಯಲೆಂದು ನೀವು ಕೈ ಚಾಚುತ್ತೀರಿ, ಮುಟ್ಟಲು ಧೈರ್ಯ ಸಾಲದೆ ಹಿಂದೆಗೆಯುತ್ತೀರಿ.

ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತಿರುವುದು ಹಸಿವಿನಿಂದಲ್ಲ ಎಂದು ನಿಮಗೆ ಗೊತ್ತು. ಸಂಜೆ ಡೇರೆಯೊಳಗೆ ಅವನು ದೇವರನ್ನು ಕೇಳಿ ಕೇಳಿ ಸೋತಿದ್ದ. ಕನಸು ಬೀಳಲಿಲ್ಲ, ಯಾಜಕರ ಊರೀಮ್ ಏನನ್ನೂ ತೋರಿಸಲಿಲ್ಲ, ಪ್ರವಾದಿಗಳು ಬಾಯಿ ಬಿಡಲಿಲ್ಲ. ಆಗ ತಿರುಗಿ, ಸತ್ತವರನ್ನು ಕರೆಸುವ ಹೆಂಗಸು ಯಾರಾದರೂ ಇದ್ದಾಳೆಯೇ ನೋಡಿ ಎಂದ. ಏಂದೋರಿನಲ್ಲಿ ಒಬ್ಬಳಿದ್ದಾಳೆ ಎಂಬ ಮಾತು ನಿಮ್ಮ ಬಾಯಿಂದ ಎಷ್ಟು ಬೇಗ ಹಾರಿತೆಂದರೆ, ಆಡಿದ ಮೇಲೆ ನೀವೇ ಗಾಬರಿಯಾದಿರಿ. ಅಂಥವರನ್ನೆಲ್ಲ ದೇಶದಿಂದ ಓಡಿಸಿದವನು ಇದೇ ಅರಸ. ಅವನ ಕಾನೂನಿನ ಪ್ರಕಾರ ಅವಳು ಇರಲೇಬಾರದು. ಹಾಗಿರುವಾಗ ನಿಮಗೆ ಹೇಗೆ ಗೊತ್ತಾಯಿತು ಎಂದು ಅರಸ ಕೇಳಲಿಲ್ಲ. ನೀವೂ ಹೇಳಲಿಲ್ಲ.

ಬಯಲಿನ ಈ ಕತ್ತಲಲ್ಲಿ ನಿಮ್ಮನ್ನು ಒಂದು ಗಳಿಗೆ ನಿಲ್ಲಿಸುತ್ತೇನೆ. ಅಂಥ ವಿಳಾಸ ನಮ್ಮಲ್ಲೂ ಎಲ್ಲರಿಗೂ ಗೊತ್ತಿರುತ್ತದೆ. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ವಶೀಕರಣ, ಶತ್ರುನಾಶ, ವ್ಯಾಪಾರದ ನಷ್ಟ ಎಲ್ಲಕ್ಕೂ ಒಂದೇ ಫೋನ್ ನಂಬರು. ಅದಲ್ಲದಿದ್ದರೆ ಪಕ್ಕದ ಮನೆಯ ಅಕ್ಕ ದನಿ ತಗ್ಗಿಸಿ, ಕಾರ್ಕಳದ ಆಚೆ ಒಬ್ಬರಿದ್ದಾರೆ, ಭಾರೀ ಸತ್ಯ ಎನ್ನುತ್ತಾಳೆ. ತುಳುವಿನವರು ಬಲಿಮೆ ಎನ್ನುತ್ತಾರೆ, ಕೊಂಕಣಿಯವರು ಘಾಡಿಯ ಹೆಸರು ಹೇಳುತ್ತಾರೆ. ಕರ್ನಾಟಕದಲ್ಲೂ ಕಾನೂನಿದೆ. ವಾಮಾಚಾರದ ವಿರುದ್ಧದ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಧಿ ತೆಗೆಯುತ್ತೇನೆಂದು ಮಾಟ ಮಾಡುವವನನ್ನು, ಪ್ರೇತ ಬಿಡಿಸುತ್ತೇನೆಂದು ಹೊಡೆಯುವವನನ್ನು ಅದು ಹಿಡಿಯಬಲ್ಲದು. ದಾರಿ ಹೇಳಿಕೊಟ್ಟ ಅಕ್ಕನ ಹೆಸರು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ನೆರೆಮನೆಯವರ ಕೋಲ, ನೇಮದ ವಿಷಯ ನಾನು ಎತ್ತುತ್ತಿಲ್ಲ. ಅವರು ಕದ್ದು ಹೋಗುವವರಲ್ಲ. ಊರಿಗೆಲ್ಲ ಕಾಗದ ಹಂಚಿ, ದೀವಟಿಗೆ ಹಚ್ಚಿ, ಎಲ್ಲರೆದುರು ನಡೆಸುತ್ತಾರೆ. ನನ್ನ ತಕರಾರಿರುವುದು ಭಾನುವಾರ ಕರ್ತನ ಭೋಜನಕ್ಕೆ ಕೈಯೊಡ್ಡಿ, ಮಂಗಳವಾರ ರಾತ್ರಿ ಹೆಡ್‌ಲೈಟ್ ಆರಿಸಿ ಯಾರದೋ ತೋಟದ ಸಂದಿಗೆ ಕಾರು ತಿರುಗಿಸುವ ನಮ್ಮವರ ಜೊತೆ. ನಮ್ಮ ಹಿರಿಯರಿಗೆ ಈ ವಿಷಯ ಇಷ್ಟು ಅಗ್ಗವಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1854ರಲ್ಲಿ ಉಡುಪಿಯಲ್ಲಿ ನೆಲೆಯೂರಿತು. ಅಷ್ಟರಲ್ಲಿ, 1847ಕ್ಕೇ, ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಗಿತ್ತು. ಅದನ್ನು ಕೇಳಿ ಬಂದವರಲ್ಲಿ ಬಿಲ್ಲವ ಮನೆಯವರೇ ಹೆಚ್ಚು. ಮನೆಯ ಭೂತದ ಸಾಮಾನನ್ನು ಹಗಲಿನಲ್ಲೇ ಹೊರಗಿಟ್ಟವರಿಗೆ ಕುಟುಂಬ ತಪ್ಪಿತು, ಗೇಣಿಯ ಗದ್ದೆ ತಪ್ಪಿತು. ಮಿಷನ್ನು ನೇಯ್ಗೆಯ ಮಗ್ಗ, ಹೆಂಚಿನ ಕಾರ್ಖಾನೆ ಹಾಕಿದ್ದಕ್ಕೆ ಹೀಗೆ ಬರಿಗೈಯಾದವರ ಹೊಟ್ಟೆಪಾಡೂ ಒಂದು ಕಾರಣ. ಅದೇ ಮಿಷನ್ನಿನ ಮ್ಯಾನರ್ ಪಾದ್ರಿ 1886ರಲ್ಲಿ ಭೂತಗಳ ಪಾಡ್ದನಗಳನ್ನು ಕಲೆಹಾಕಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ತಿಳಿದುಕೊಳ್ಳುವುದು ಬೇರೆ, ಮೊರೆಹೋಗುವುದು ಬೇರೆ. ಆ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ನಡೆಯಿರಿ, ಅರಸ ಮುಂದೆ ಹೋಗಿಬಿಟ್ಟ.

ಏಂದೋರು ನಿದ್ದೆಯಲ್ಲಿದೆ. ಬಾಗಿಲು ತಟ್ಟುವವರು ನೀವೇ. ಒಳಗೆ ಅಗುಳಿ ಸರಿಯುವ ಸದ್ದು, ಒಂದು ಬೆರಳಿನಷ್ಟು ಬಿರುಕು, ಅದರಲ್ಲಿ ಒಂದು ಕಣ್ಣು. ಒಳಗಿನಿಂದ ದನದ ಕೊಟ್ಟಿಗೆಯ ಬಿಸಿ ವಾಸನೆ, ಎಣ್ಣೆ ದೀಪದ ಕಮಟು. ಮಣ್ಣಿನ ಗೋಡೆಗೆ ಬೆನ್ನೊತ್ತಿ ನಿಲ್ಲುತ್ತೀರಿ. ಅರಸ ತಲೆ ತಗ್ಗಿಸಿಯೇ ಹೇಳುತ್ತಾನೆ, ನಾನು ಹೆಸರಿಸಿದವನನ್ನು ಎಬ್ಬಿಸಿ ಕೊಡು ಎಂದು.

ಅವಳು ಹಿಂದೆ ಸರಿಯುತ್ತಾಳೆ. ಸೌಲ ಇಂಥವರಿಗೆ ಏನು ಮಾಡಿದನೆಂದು ನಿಮಗೆ ತಿಳಿಯದೇ, ನನ್ನ ಜೀವಕ್ಕೆ ಉರುಲು ಒಡ್ಡುತ್ತೀರಾ ಎಂದು ಕೇಳುತ್ತಾಳೆ. ಅವಳ ದನಿಯಲ್ಲಿರುವುದು ಮಂತ್ರವಾದಿಯ ಗತ್ತಲ್ಲ, ಬಡವಳ ದಿಗಿಲು. ಆಗ ಅರಸ ಪ್ರಮಾಣ ಮಾಡುತ್ತಾನೆ, ಯೆಹೋವನ ಜೀವದಾಣೆ ನಿನಗೇನೂ ಆಗದು ಎಂದು. ನಿಮ್ಮ ಕಿವಿ ಉರಿಯುತ್ತದೆ. ಯೆಹೋವನು ಬೇಡವೆಂದದ್ದನ್ನು ಮಾಡಿಸಲು ಯೆಹೋವನ ಮೇಲೆಯೇ ಆಣೆ! ಈಗಲಾದರೂ ಕೈ ಹಿಡಿದೆಳೆದು ಹೊರಗೆ ತರಬಹುದು. ಬಾಗಿಲು ನಿಮ್ಮ ಬಲಗಡೆಯೇ ಇದೆ. ನಾಲಿಗೆ ಅಂಗುಳಕ್ಕೆ ಅಂಟಿದೆ. ನೀವು ಕದಲುವುದಿಲ್ಲ.

ಯಾರು ಬೇಕು?

ಸಮುವೇಲ.

ದೀಪದ ಕುಡಿ ಬಾಗುತ್ತದೆ. ಗಾಳಿ ಇಲ್ಲ. ಅವಳ ತುಟಿ ಅಲುಗುವುದು ನಿಲ್ಲುತ್ತದೆ. ಕಣ್ಣು ನೆಲದ ಒಂದೇ ಕಡೆ ನೆಟ್ಟಿದೆ. ಚೀರುತ್ತಾಳೆ. ನಿಮ್ಮ ತಲೆ ಗೋಡೆಗೆ ಬಡಿಯುತ್ತದೆ. ಮೋಸ ಮಾಡಿದೆ, ನೀನೇ ಸೌಲ, ಎನ್ನುತ್ತಾಳೆ. ಅರಸ ಹೆದರಬೇಡ ಎನ್ನುತ್ತಾನೆ, ಏನು ಕಾಣುತ್ತಿದೆ ಹೇಳು ಎನ್ನುತ್ತಾನೆ. ಅವನ ದನಿ ಅವಳದಕ್ಕಿಂತ ಹೆಚ್ಚು ನಡುಗುತ್ತಿದೆ. ನೆಲದೊಳಗಿಂದ ದೇವರಂಥದ್ದೊಂದು ಏಳುತ್ತಿದೆಯಂತೆ. ಮುದುಕನಂತೆ. ನಿಲುವಂಗಿ ಹೊದ್ದಿದ್ದಾನಂತೆ.

ನಿಲುವಂಗಿ ಎಂದದ್ದೇ ಸೌಲ ಮುಖ ನೆಲಕ್ಕೆ ತಾಗಿಸಿ ಬಾಗುತ್ತಾನೆ. ಆ ಬಟ್ಟೆಯ ಪರಿಚಯ ಅವನಿಗಿದೆ. ಅಮಾಲೇಕ್ಯರ ಯುದ್ಧ ಮುಗಿದ ಮೇಲೆ, ಏನನ್ನೂ ಉಳಿಸಿಕೊಳ್ಳಬೇಡ ಎಂಬ ಆಜ್ಞೆ ಮೀರಿ ಒಳ್ಳೊಳ್ಳೆಯ ಕುರಿಗಳನ್ನು ಉಳಿಸಿಕೊಂಡು ಸಿಕ್ಕಿಬಿದ್ದಾಗ, ಹೊರಟುಹೋಗುತ್ತಿದ್ದ ಪ್ರವಾದಿ ಸಮುವೇಲನ ನಿಲುವಂಗಿಯನ್ನು ಹಿಡಿದೆಳೆದು ಹರಿದವನು ಅವನೇ. ರಾಜ್ಯವೂ ಹೀಗೆಯೇ ನಿನ್ನಿಂದ ಹರಿದುಹೋಯಿತು ಎಂದು ಅಂದೇ ಹೇಳಿಯಾಗಿತ್ತು. ದೇವರ ಮಾತಿಗೆ ತಿರುಗಿ ಬೀಳುವುದು ಕಣಿ ಕೇಳಿದಷ್ಟೇ ದೊಡ್ಡ ಪಾಪ ಎಂದೂ.

ಬಂದವನು ನಿಜವಾಗಿ ಸಮುವೇಲನೇ? ಸಭಾಪಿತೃಗಳು ಇದರ ಮೇಲೆ ಜಗಳವಾಡಿದ್ದಾರೆ. ಮೂರನೆಯ ಶತಮಾನದ ಒರಿಗೆನ್ ಹೌದು ಎಂದರೆ, ನಾಲ್ಕನೆಯ ಶತಮಾನದಲ್ಲಿ ಅಂತಿಯೋಕ್ಯದ ಯುಸ್ತಾಥಿಯಸ್ ಅಲ್ಲವೆಂದು ಅವನ ವಿರುದ್ಧ ಒಂದು ಗ್ರಂಥವನ್ನೇ ಬರೆದ. ಗೋಡೆಗೊರಗಿ ನಿಂತ ನಿಮಗೆ ಆ ವಾದ ಬೇಡ. ಕೇಳುತ್ತಿರುವ ಮಾತಷ್ಟೇ ಸಾಕು, ಏಕೆಂದರೆ ಅದರಲ್ಲಿ ಹೊಸದು ಬಹಳ ಕಡಿಮೆ. ನೀನು ಕೇಳಲಿಲ್ಲ. ರಾಜ್ಯ ಇನ್ನೊಬ್ಬನದ್ದು. ಇಷ್ಟನ್ನೂ ಬದುಕಿದ್ದಾಗಲೇ ಸಮುವೇಲ ಬೆಳಕಿನಲ್ಲಿ ನಿಂತು ಹೇಳಿದ್ದ. ಇಷ್ಟು ದೂರ, ಇಷ್ಟು ಭಯ, ಇಷ್ಟು ಅವಮಾನ ಖರ್ಚು ಮಾಡಿ ಅರಸ ಕೊಂಡದ್ದು ಅದೇ ಹಳೆಯ ತೀರ್ಪು. ಹೊಸದಾಗಿ ಸೇರಿದ್ದು ಆ ಇನ್ನೊಬ್ಬ ದಾವೀದ ಎಂಬ ಹೆಸರು, ಮತ್ತೊಂದು ದಿನ: ನಾಳೆ. ನಾಳೆ ನೀನೂ ನಿನ್ನ ಮಕ್ಕಳೂ ಸತ್ತವರ ಜೊತೆ.

ಸೌಲ ಬೀಳುತ್ತಾನೆ. ಅಷ್ಟು ಎತ್ತರದ ದೇಹ ಉದ್ದಕ್ಕೆ ನೆಲಕ್ಕಪ್ಪಳಿಸಿದ ಸದ್ದು ನಿಮ್ಮ ಅಂಗಾಲಿಗೆ ತಟ್ಟುತ್ತದೆ.

ಆಮೇಲೆ ನಡೆಯುವುದನ್ನು ಪ್ರಸಂಗಗಳಲ್ಲಿ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ. ಆ ಹೆಂಗಸು ಹತ್ತಿರ ಬರುತ್ತಾಳೆ. ನಿನ್ನ ಮಾತು ಕೇಳಿ ನಾನು ಜೀವ ಒತ್ತೆಯಿಟ್ಟೆ, ಈಗ ನನ್ನ ಮಾತು ಕೇಳಿ ಒಂದು ತುತ್ತು ತಿನ್ನು ಎನ್ನುತ್ತಾಳೆ. ಬೇಡವೆನ್ನುತ್ತಾನೆ. ನೀವಿಬ್ಬರೂ ಒತ್ತಾಯಿಸುತ್ತೀರಿ, ಇಡೀ ರಾತ್ರಿಯಲ್ಲಿ ನಿಮ್ಮ ಬಾಯಿ ಅರಸನ ಒಳ್ಳೆಯದಕ್ಕೆ ತೆರೆದದ್ದು ಇದೊಂದೇ ಸಲ, ಅದೂ ಊಟಕ್ಕಾಗಿ. ಎತ್ತಿ ಮಂಚದ ಮೇಲೆ ಕೂರಿಸುತ್ತೀರಿ. ಕೊಬ್ಬಿಸಿದ ಕರುವೊಂದು ಮನೆಯಲ್ಲಿದೆ, ಬಹುಶಃ ಅವಳ ಆಸ್ತಿಯೇ ಅದು. ಅದನ್ನು ಕಡಿಯುತ್ತಾಳೆ. ಹಿಟ್ಟು ನಾದುತ್ತಾಳೆ, ಹುಳಿ ಬರಿಸಲು ಹೊತ್ತಿಲ್ಲ, ಹಾಗೆಯೇ ರೊಟ್ಟಿ ಸುಡುತ್ತಾಳೆ. ಹಸಿರಕ್ತದ ವಾಸನೆ ಹೋಗಿ ಬೆಂದ ಮಾಂಸದ ಪರಿಮಳ ತುಂಬುತ್ತದೆ, ನಾಚಿಕೆಯಿಲ್ಲದೆ ನಿಮ್ಮ ಬಾಯಲ್ಲಿ ನೀರೂರುತ್ತದೆ. ನಾಳೆ ಸಾಯುವವನ ಎದುರು ಕೂತು ತಿನ್ನುತ್ತೀರಿ. ಈ ಹೆಂಗಸಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವಳ ಕಸುಬು ಕೆಟ್ಟದ್ದು, ಕೈ ದೊಡ್ಡದು. ಕೆಟ್ಟ ದಾರಿಯ ಕೊನೆಯಲ್ಲಿ ಯಾವಾಗಲೂ ಕೋರೆಹಲ್ಲಿನ ರಾಕ್ಷಸಿಯೇ ಕೂತಿರುತ್ತಾಳೆ ಎಂದುಕೊಂಡವರು ಇಂಥ ಮನೆಯಲ್ಲಿ ಎರಡನೆಯ ಸಲವೂ ಊಟಕ್ಕೆ ಕೂರುತ್ತಾರೆ.

ತಿಂದು, ಆ ರಾತ್ರಿಯೇ ಎದ್ದು ಹೋದರು. ಅಧ್ಯಾಯ ಅಷ್ಟಕ್ಕೆ ನಿಲ್ಲುತ್ತದೆ. ಬೆಳಗಾಗಲು ಇನ್ನೂ ಹೊತ್ತಿದೆ, ಮರಳುವ ದಾರಿ ಅಷ್ಟೇ ಉದ್ದವಿದೆ, ತೀರ್ಪು ಕೇಳಿಯಾಗಿದೆ. ಅರಸ ಎಲ್ಲಾದರೂ ಮೊಣಕಾಲೂರುತ್ತಾನೋ ಎಂದು ನೀವು ಕಾಯುತ್ತೀರಿ. ಊರಿದನೆಂದು ಗ್ರಂಥ ಹೇಳುವುದಿಲ್ಲ. ಇಂಥದ್ದೇ ತೀರ್ಪು ಮುಂದೊಂದು ಕಾಲದಲ್ಲಿ ಅರಸ ಹಿಜ್ಕೀಯನಿಗೂ ಬಂತು: ಮನೆಯ ವ್ಯವಸ್ಥೆ ಮಾಡಿಕೋ, ಸಾಯುತ್ತೀ. ಅವನು ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿಬಿಕ್ಕಿ ಅತ್ತ. ಸುದ್ದಿ ಹೇಳಿದ ಯೆಶಾಯ ಅರಮನೆಯ ನಡುವಣ ಅಂಗಳ ದಾಟುವ ಮೊದಲೇ 15 ವರ್ಷಗಳ ಆಯುಷ್ಯದ ಮಾತು ಹೊತ್ತು ವಾಪಸ್ಸು ಬಂದ. ನಿನೆವೆಗೆ 40 ದಿನದ ಗಡುವಿತ್ತು, ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟು ಉಟ್ಟರು, ಪಟ್ಟಣ ಉಳಿಯಿತು. ತೀರ್ಪನ್ನು ಮೊದಲೇ ತಿಳಿಸುವವನು ತಿರುಗಲು ಹೊತ್ತು ಕೊಡುತ್ತಿದ್ದಾನೆ. ಸೌಲನಿಗೆ ಸಿಕ್ಕಿದ್ದು ಒಂದು ರಾತ್ರಿ. ಅವನು ಊಟ ಮಾಡಿದ.

ಮರುದಿನ ಗಿಲ್ಬೋವದಲ್ಲಿ ಯೋನಾತಾನ ಸೇರಿ ಮೂವರು ಮಕ್ಕಳು ಬಿದ್ದರು. ಬಿಲ್ಲುಗಾರರ ಬಾಣ ನೆಟ್ಟ ಸೌಲ ತನ್ನದೇ ಕತ್ತಿಯ ಮೇಲೆ ಬಿದ್ದ. ಶವವನ್ನು ಬೇತ್ಷೆಯಾನಿನ ಕೋಟೆಗೋಡೆಗೆ ಜಡಿದರು. ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕ ಅವನ ಸಾವಿಗೆ ಕಾರಣಗಳನ್ನು ಬರೆಯುವಾಗ ಈ ಒಂದು ರಾತ್ರಿಯನ್ನು ಮರೆಯದೆ ಸೇರಿಸುತ್ತದೆ.

ಸೇವಕರಿಬ್ಬರೂ ಏನಾದರೆಂದು ಎಲ್ಲೂ ಬರೆದಿಲ್ಲ, ಅದಕ್ಕೇ ನಿಮ್ಮನ್ನು ಅವರ ಜಾಗದಲ್ಲಿ ನಿಲ್ಲಿಸಿದೆ. ನಮ್ಮಲ್ಲಿ ಸೌಲರು ಕಡಿಮೆ, ದಾರಿ ಹೇಳುವವರು ಜಾಸ್ತಿ. ಜ್ವರ ಬಿಡದ ಮಗುವಿನ ತಾಯಿ, ಅಂಗಡಿ ಮುಚ್ಚುವ ಹಂತಕ್ಕೆ ಬಂದವನು, ಗಂಡ ಮನೆಬಿಟ್ಟು ಹೋದವಳು ನಾಳೆ ನಿಮ್ಮ ಜಗಲಿಗೆ ಬಂದು, ಯಾರಾದರೂ ಗೊತ್ತುಂಟಾ ಎಂದು ಕೇಳಿಯಾರು. ಕಾರ್ಕಳದ ಆಚೆಯವರ ಹೆಸರು ನಾಲಿಗೆಯ ತುದಿಯಲ್ಲೇ ಇರುತ್ತದೆ, ನುಂಗಿಕೊಳ್ಳಿ. ಜ್ವರಕ್ಕೆ ಡಾಕ್ಟರಿದ್ದಾರೆ, ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ 1923ರಲ್ಲಿ ತೆರೆದ ಮಿಷನ್ ಆಸ್ಪತ್ರೆ ಇವತ್ತಿಗೂ ಉಡುಪಿಯಲ್ಲಿದೆ. ಸಾಲಕ್ಕೆ ಬ್ಯಾಂಕಿನವರ ಎದುರು, ಜಗಳಕ್ಕೆ ವಕೀಲರ ಎದುರು ಕೂರಬಹುದು. ನಿದ್ದೆ ಕೆಡಿಸುತ್ತಿರುವುದು ಪಾಪವಾದರೆ ಅಯ್ಯನವರ ಮನೆಗೆ ಕರೆದುಕೊಂಡು ಹೋಗಿ, ನೀವೂ ಪಕ್ಕದಲ್ಲಿ ಮೊಣಕಾಲೂರಿ. ನಾಳೆಗೆ ಇಡಬೇಡಿ, ಇವತ್ತೇ ಹೋಗಿ.