ಕ್ಯಾಮೆರಾ ಸ್ವಲ್ಪ ಮೇಲೆತ್ತಿ

ಮೊನ್ನೆ ಭಾನುವಾರ ಹಳೇ ಹಾಸ್ಟೆಲ್ ಗುಂಪು ಮತ್ತೆ ಸೇರಿತ್ತು. ಒಂದೇ ಲ್ಯಾಪ್‌ಟಾಪಿನ ಮುಂದೆ ಐದು ತಲೆ ತೂರಿಸಿಕೊಂಡು 1917ರ ‘ಕೋನಿ ಐಲ್ಯಾಂಡ್’ ನೋಡಿದೆವು. ಎರಡೇ ರೀಲಿನ ಮೂಕಿ ಚಿತ್ರ, ಅರ್ಧ ಗಂಟೆಯೂ ಇಲ್ಲ. ನ್ಯೂಯಾರ್ಕಿನ ಕಡಲ ದಂಡೆಯಲ್ಲಿದ್ದ ಲೂನಾ ಪಾರ್ಕ್ ಅದರಲ್ಲಿ ಹಾಗೇ ಉಳಿದುಕೊಂಡಿದೆ. ದೀಪದ ಗೋಪುರ, ನೀರಿಗೆ ಜಾರಿ ಬೀಳುವ ದೋಣಿ, ನೂಕುನುಗ್ಗಲು. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಕಥೆ ಅಂತ ದೊಡ್ಡದೇನಿಲ್ಲ. ದಢೂತಿ ರಾಸ್ಕೋ ಅರ್ಬಕಲ್ ಹೆಂಡತಿಯ ಕಣ್ಣು ತಪ್ಪಿಸಲು ಮರಳಲ್ಲಿ ತನ್ನನ್ನೇ ಹೂತುಕೊಳ್ಳುತ್ತಾನೆ. ಬಸ್ಟರ್ ಕೀಟನ್ ಬಳಿ ಟಿಕೆಟ್ಟಿಗೆ ಕಾಸಿಲ್ಲ, ಜೊತೆಗೆ ಬಂದ ಹುಡುಗಿ ಕಾಸಿದ್ದವನ ಹಿಂದೆ ಹೋಗುತ್ತಾಳೆ. ಇವನು ಪೀಪಾಯಿಯಲ್ಲಿ ಅಡಗಿ ಒಳಗೆ ನುಗ್ಗುತ್ತಾನೆ. ಮುಂದೆ ಕಲ್ಲುಮುಖದವನೆಂದೇ ಹೆಸರಾದ ಕೀಟನ್ ಇಲ್ಲಿ ಬಾಯಿ ತುಂಬ ನಗುತ್ತಾನೆ, ಅಳುತ್ತಾನೆ ಕೂಡ. ನಮಗೆ ಅದನ್ನು ನೋಡಿಯೇ ಅರ್ಧ ಖುಷಿ.

ಆದರೆ ತಲೆಯಲ್ಲಿ ಕೂತದ್ದು ಬೇರೆ ದೃಶ್ಯ. ಅರ್ಬಕಲ್ ಬಟ್ಟೆ ಬದಲಿಸಲು ಹೊರಡುತ್ತಾನೆ. ಕ್ಯಾಮೆರಾ ನೋಡುತ್ತಿದೆ ಅಂತ ನೆನಪಾಗಿ, ಸ್ವಲ್ಪ ಮೇಲೆತ್ತು ಅಂತ ಕೈಸನ್ನೆ ಮಾಡುತ್ತಾನೆ. ಕ್ಯಾಮೆರಾ ವಿಧೇಯವಾಗಿ ಮೇಲೇಳುತ್ತದೆ. ಬಿದ್ದು ಬಿದ್ದು ನಕ್ಕೆವು.

ಆಮೇಲೆ ಯಾರೋ 1921ರ ಮಾತು ತೆಗೆದರು. ಆ ಸೆಪ್ಟೆಂಬರಿನಲ್ಲಿ ನಟಿ ವರ್ಜೀನಿಯಾ ರ‍್ಯಾಪೆ ತೀರಿಕೊಂಡಾಗ ಅರ್ಬಕಲ್ ಬಂಧನವಾಯಿತು. ಹರ್ಸ್ಟ್ ಒಡೆತನದ ಪತ್ರಿಕೆಗಳು ವಿಚಾರಣೆಗೆ ಮೊದಲೇ ಅವನನ್ನು ಅಪರಾಧಿ ಮಾಡಿದವು. ಎರಡು ವಿಚಾರಣೆಗಳಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೂರನೆಯ ಜ್ಯೂರಿ 1922ರ ಏಪ್ರಿಲ್ 12ರಂದು ನಿರ್ದೋಷಿ ಎಂದದ್ದಲ್ಲದೆ, ಅವನಿಗೆ ದೊಡ್ಡ ಅನ್ಯಾಯವಾಗಿದೆ ಎಂದು ಬರೆದೂ ಕೊಟ್ಟಿತು. ಆರೇ ದಿನಕ್ಕೆ ಅವನ ಚಿತ್ರಗಳಿಗೆ ನಿಷೇಧ! ಅದೇ ವರ್ಷದ ಕೊನೆಗೆ ನಿಷೇಧ ತೆಗೆದರೂ, ಅವನು ಬಹುಕಾಲ ವಿಲಿಯಂ ಗುಡ್‌ರಿಚ್ ಎಂಬ ಹೆಸರಲ್ಲಿ ನಿರ್ದೇಶನ ಮಾಡಬೇಕಾಯಿತು. ಆ ಹೆಣ್ಣುಮಗಳನ್ನೂ ಪತ್ರಿಕೆಗಳು ಸುಮ್ಮನೆ ಬಿಡಲಿಲ್ಲ, ಸತ್ತ ಮೇಲೂ.

ನಗು ಅಲ್ಲಿಗೆ ನಿಂತಿತು. ಯಾಕೆಂದರೆ ನಮ್ಮಲ್ಲೂ ಒಂದು ಕಟಿಂಗ್ ಇದೆ. ಓದು ಮುಗಿಸಿ ಜಿಲ್ಲಾ ಪುಟಕ್ಕೆ ಸೇರಿದ ಹೊಸತರಲ್ಲಿ, ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರ ಬಂಧನವನ್ನು ಫೋಟೊ ಸಮೇತ ನಾಲ್ಕು ಕಾಲಂ ಹಾಕಿದ್ದೆವು. ‘ಆರೋಪ’ ಅನ್ನುವ ಪದ ತಲೆಬರಹದಲ್ಲಿ ಹಿಡಿಸಲಿಲ್ಲ, ತೆಗೆದೆವು. ಎರಡು ವರ್ಷದ ಮೇಲೆ ಕೋರ್ಟು ಅವರನ್ನು ಬಿಟ್ಟಿತು. ಆ ದಿನ ಜಾಹೀರಾತು ಹೆಚ್ಚಿತ್ತು. ಸುದ್ದಿ ಬೆರಳಷ್ಟು ಉದ್ದಕ್ಕೆ ಇಳಿಯಿತು, ಇಳಿಸಿದವರೂ ನಾವೇ.

ಅವರ ಊರು ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಬೆಳಗ್ಗೆ ಏಳೂವರೆಗೆ ಒಂದು ಬಸ್ಸಿದೆ. ಈ ಭಾನುವಾರ ಹೋಗೋಣ ಅಂತ ಮಾತಾಗಿದೆ, ಕೈಯಲ್ಲಿ ಏನು ಹಿಡಿದು ಹೋಗುವುದು ಅಂತ ಮಾತ್ರ ಯಾರಿಗೂ ಹೊಳೆದಿಲ್ಲ.